ರೇವಕ್ಕನ ಏಳು

ಕರೀಂ ಸಾಬರಿಗೆ ಜ್ವರ ಬಂದರೆ ನಮ್ಮೂರಿನ ಬಸ್ಸುಗಳು ತಡವಾಗಿ ಹೊರಡುತ್ತವೆ. ಡ್ರೈವರ್ ಸ್ಟೇರಿಂಗ್ ಹಿಡಿದು ಕೂತಿರುತ್ತಾನೆ, ಕಂಡಕ್ಟರ್ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಕಾಯುತ್ತಿರುತ್ತಾನೆ, ಜನ ಚೀಲ ಹಿಡಿದು ಕೆಳಗೆ ನಿಂತಿರುತ್ತಾರೆ. ಆದರೆ ‘ಹತ್ತಿ, ಹತ್ತಿ’ ಎಂದು ಕೂಗುವ ಹಕ್ಕು ಕಂಡಕ್ಟರಿಗಿಲ್ಲ. ಹತ್ತು ಕರೀಂ ಸಾಬರದು. ಇಪ್ಪತ್ತೆರಡು ವರ್ಷ ಆ ಅಂಕಿಯನ್ನು ಬೆನ್ನ ಮೇಲೆ ಹೊತ್ತು ಅವರು ನಮ್ಮೂರಿನ ವಾಲಿಬಾಲ್ ತಂಡಕ್ಕೆ ಆಡಿದರು. ಆಟ ಬಿಟ್ಟ ವರ್ಷ ಊರು ಹತ್ತನ್ನು ಅವರ ಮನೆಗೆ ಮುಟ್ಟಿಸಿತು. ಈಗ ಅವರು ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಒಂದೊಂದು ಬಸ್ಸಿನ ಮುಂದೂ ನಿಂತು ‘ಹತ್ರಪ್ಪಾ’ ಎನ್ನುತ್ತಾರೆ. ಆಮೇಲೆ ಜನ ಹತ್ತುತ್ತಾರೆ. ಜ್ವರ ಬಂದ ದಿನ ಕಂಡಕ್ಟರುಗಳು ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ರೆಟ್ಟೆ ಹಿಡಿದು ಒಳಗೆ ಎಳೆದುಕೊಳ್ಳಬೇಕು.

ಇದಕ್ಕೆ ನಮ್ಮಲ್ಲಿ ಅಂಕಿ ಮನೆ ಸೇರುವುದು ಎನ್ನುತ್ತಾರೆ. ಒಳ್ಳೆಯ ಆಟಗಾರರು ಆಟ ಬಿಟ್ಟಾಗ ಅವರ ಅಂಕಿಯನ್ನು ಅಂಗಿಯ ಮೇಲಿಂದ ಮಾತ್ರವಲ್ಲ, ಊರಿನಿಂದಲೇ ತೆಗೆಯುತ್ತಾರೆ. ಮನೆಬಾಗಿಲಿನ ತಗಡು, ಶಾಲೆಯ ಗಡಿಯಾರದ ಹಿತ್ತಾಳೆ, ಅಂಚೆಪೆಟ್ಟಿಗೆಯ ಮೇಲಿನ ಮರದ ತುಂಡು, ಎಲ್ಲವನ್ನೂ ಬಿಚ್ಚಿ ಗೋಣಿಚೀಲಕ್ಕೆ ತುಂಬಿ ಓಲಗದ ಸಮೇತ ಅವರ ಮನೆಗೆ ಒಯ್ಯುತ್ತಾರೆ. ಅಂದಿನಿಂದ ಆ ಅಂಕಿಯನ್ನು ಬಾಯಿಬಿಟ್ಟು ಹೇಳುವವರು ಊರಿನಲ್ಲಿ ಅವರೊಬ್ಬರೇ. ಆರು ಮೋನಪ್ಪನವರ ಮನೆಯಲ್ಲಿದೆ. ಮಗುವಿಗೆ ಐದು ತುಂಬಿ ಇನ್ನೊಂದು ವರ್ಷವಾದರೆ ತಾಯಂದಿರು ಅದಕ್ಕೆ ತಲೆ ಬಾಚಿ ಮೋನಪ್ಪನವರ ಹತ್ತಿರ ಕರೆದೊಯ್ಯುತ್ತಾರೆ. ಅವರು ತಲೆಯ ಮೇಲೆ ಕೈಯಿಟ್ಟು ‘ಆರು’ ಎಂದ ಮೇಲೆಯೇ ಮಗುವಿಗೆ ಆರಾಗುವುದು. ಕಾಗದದ ಮೇಲೆ ಬರೆಯುವುದಕ್ಕೆ ಅಡ್ಡಿಯಿಲ್ಲ. ಓದುವಾಗ ತುಟಿ ಅಲುಗಬಾರದು, ಅಷ್ಟೆ.

ಮೊದಮೊದಲು ಅಂಕಿ ಮಾತ್ರ ಹೋಗುತ್ತಿತ್ತಂತೆ. ಕರೀಂ ಸಾಬರ ಮೆರವಣಿಗೆ ಬಸ್‌ಸ್ಟ್ಯಾಂಡಿನ ಮುಂದೆ ಬಂದಾಗ ಕಂಡಕ್ಟರೊಬ್ಬ ಅಭ್ಯಾಸಬಲದಿಂದ ‘ಹತ್ತಿ, ಹತ್ತಿ’ ಎಂದು ಅರಚಿದ. ಮಗನನ್ನು ಆಡಿಕೊಂಡರು ಎಂದು ಕರೀಂ ಸಾಬರ ತಾಯಿ ನಡುರಸ್ತೆಯಲ್ಲಿ ಕೂತು ಅತ್ತರು. ವಾಲಿಬಾಲ್ ಸಂಘದ ಅಧ್ಯಕ್ಷರು ಶಿವನಂಜಪ್ಪ ಮೇಷ್ಟ್ರು. ಕನ್ನಡ ಪಂಡಿತರು. ಒಂದೇ ಉಚ್ಚಾರವಿದ್ದರೆ ಒಂದೇ ಮರ್ಯಾದೆ ಎಂದು ಅವತ್ತೇ ತೀರ್ಮಾನ ಕೊಟ್ಟರು. ಅಂದಿನಿಂದ ನಮ್ಮೂರಿನಲ್ಲಿ ಒಗೆದ ಬಟ್ಟೆ ಆರುವುದಿಲ್ಲ, ಒಣಗುತ್ತದೆ. ಚಹಾ ಆರುವುದಿಲ್ಲ, ಅದರ ಬಿಸಿ ಇಳಿಯುತ್ತದೆ. ದೀಪ ತಣ್ಣಗಾಗುತ್ತದೆ. ಜನ ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ. ನಾವು ಆ ತೀರ್ಮಾನದ ನಂತರ ಹುಟ್ಟಿದವರು, ನಮಗೆ ಹೊಂದಿಕೊಳ್ಳುವುದಕ್ಕೂ ಏನೂ ಇರಲಿಲ್ಲ. ಇನ್ನೊಬ್ಬರ ಅಂಕಿಯನ್ನು ಬಾಯಿಗೆ ತಂದುಕೊಂಡವರು ಒಂದು ವರ್ಷ ಅಂಕಣಕ್ಕೆ ಇಳಿಯುವಂತಿಲ್ಲ ಎಂಬ ನಿಯಮವನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ.

ಹೋದ ವರ್ಷ ಏಳು ಮನೆ ಸೇರಿತು.

ಏಳು ರೇವಕ್ಕನದು. ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಜೋಡಿಸುವ ಕೆಲಸ, ಒಂಟಿ ಹೆಂಗಸು, ನಲವತ್ತಾರು ವರ್ಷ. ಹೆಂಗಸರ ತಂಡದಲ್ಲಿ ಇಪ್ಪತ್ತೈದು ವರ್ಷ ಲಿಫ್ಟರ್ ಆಗಿದ್ದವಳು. ಲಿಫ್ಟರ್ ಎಂದರೆ ಹೊಡೆಯುವವಳಿಗೆ ಚೆಂಡನ್ನು ನೆಟ್ಟಿನ ಮೇಲೆ ಎತ್ತಿಕೊಡುವವಳು. ನಾನು ಹೊಡೆಯುವವಳು. ಹದಿನೈದನೆಯ ವಯಸ್ಸಿನಿಂದ ಅವಳು ಎತ್ತಿದ್ದನ್ನೇ ಹೊಡೆದಿದ್ದೇನೆ. ಚೆಂಡು ಎತ್ತುವಾಗ ಅವಳು ‘ಏಳು’ ಎಂದು ಕೂಗುತ್ತಿದ್ದಳು. ‘ಏ’ ಎಂದು ಎಳೆಯುವಾಗ ಚೆಂಡು ಅವಳ ಬೆರಳು ಬಿಡುತ್ತಿತ್ತು, ‘ಳು’ ಎನ್ನುವಾಗ ನನ್ನ ಕಾಲು ನೆಲ ಬಿಡುತ್ತಿತ್ತು. ನಾನು ಚೆಂಡನ್ನು ನೋಡುತ್ತಲೇ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಅವಳು ಹೋದ ಮೇಲೆ.

ಮೆರವಣಿಗೆಯ ದಿನ ಮೂರು ಗೋಣಿಚೀಲ ಏಳುಗಳನ್ನು ಅವಳ ನಡುಮನೆಯಲ್ಲಿ ಸುರಿದರು. ಶಾಲು ಹೊದಿಸಿದರು. ಶಿವನಂಜಪ್ಪ ಮೇಷ್ಟ್ರು ಅವಳನ್ನು ಮೊದಲ ಸಲ ‘ರೇವಮ್ಮನವರು’ ಎಂದರು. ಮನೆ ಸೇರಿದ ಅಂಕಿಯವರಿಗೆ ನಮ್ಮೂರಿನಲ್ಲಿ ಎಲ್ಲಿ ಹೋದರೂ ಕುರ್ಚಿ. ಕಾರ್ಖಾನೆಗೆ ಹೋದರೆ ಮೇಸ್ತ್ರಿ ಕುರ್ಚಿ ತಂದ, ಹೆಂಚು ಮುಟ್ಟಲು ಬಿಡಲಿಲ್ಲ. ನಲ್ಲಿಯ ಹತ್ತಿರ ಹೋದರೆ ಹೆಂಗಸರು ಕೊಡ ಕಸಿದುಕೊಂಡು ಕಲ್ಲಿನ ಮೇಲೆ ಕೂರಿಸಿದರು. ಅಂಕಣದ ಗೆರೆಯನ್ನಂತೂ ಅವಳು ದಾಟುವ ಹಾಗೇ ಇಲ್ಲ. ಪೂಜೆಗಿಟ್ಟ ಕಲಶದಲ್ಲಿ ಯಾರೂ ನೀರು ಸೇದುವುದಿಲ್ಲವಲ್ಲ, ಹಾಗೆ.

ಮೊದಲ ಒಂದೆರಡು ತಿಂಗಳು ಅವಳ ಬಾಗಿಲಲ್ಲಿ ಸಾಲು ಇತ್ತು. ಬಸುರಿಯರು ತಿಂಗಳು ಹೇಳಿಸಿಕೊಳ್ಳಲು ಬರುತ್ತಿದ್ದರು. ನಮ್ಮ ಅಮ್ಮನ ಹಾಗೆ ಕೆಲವರು ಬೆಳಿಗ್ಗೆಯೇ ಹೋಗಿ, ‘ಸ್ವಲ್ಪ ನಮ್ಮನೇ ಕಿಟಕಿ ಹತ್ರ ಬಂದು ಅಂದುಬಿಡಿ ರೇವಮ್ಮ, ನಾನು ಎದ್ದು ಕೂತ್ಕೋ ಅಂತ ಅರ್ಧ ಗಂಟೆಯಿಂದ ಬಡ್ಕೋತಿದೀನಿ, ಈ ಮಹಾರಾಣಿ ಮಗ್ಗುಲೂ ಬದಲಾಯಿಸಿಲ್ಲ’ ಎಂದು ಕರೆತರುತ್ತಿದ್ದರು. ಬೇರೆ ಮಾತುಗಳಿಗೆ ಏಳುವ ಅಭ್ಯಾಸ ಊರಿಗೇ ಇರಲಿಲ್ಲ. ರೇವಕ್ಕ ಹಾಲಿನವರ ಹಾಗೆ ಬೀದಿ ಬೀದಿ ಸುತ್ತಿ ‘ಏಳಿ, ಏಳಿ’ ಎಂದು ಎಬ್ಬಿಸುತ್ತಿದ್ದಳು. ಆಮೇಲೆ ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡು ಎಲ್ಲರೂ ಅಲಾರಂ ಕೊಂಡರು.

ಅವಳ ಜಾಗಕ್ಕೆ ಬಂದದ್ದು ಸಲೋಮಿ. ಹತ್ತೊಂಬತ್ತು ವರ್ಷ, ಸುಣ್ಣದ ಬೀದಿಯವಳು. ಬೆರಳುಗಳು ಬಂಗಾರ, ಚೆಂಡು ಅವಳ ಕೈಗೆ ಬಂದದ್ದೂ ಕೈಬಿಟ್ಟದ್ದೂ ಸದ್ದಾಗುತ್ತಿರಲಿಲ್ಲ. ತೊಂದರೆಯೂ ಅದೇ, ಅವಳ ಯಾವುದೂ ಸದ್ದಾಗುತ್ತಿರಲಿಲ್ಲ. ಸುಣ್ಣದ ಬೀದಿಯವರಿಗೆ ಹುಟ್ಟಿನಿಂದ ಹಕಾರ ಬಾರದು. ಹಾಲು ಅವರಿಗೆ ಆಲು, ಹೂವು ಊವು. ಹೀಗಾಗಿ ಅವರು ‘ಹೇಳು’ ಎಂದರೂ ಏಳು ಎಂದಂತೆಯೇ ಆಗುತ್ತಿತ್ತು. ಏಳು ಮನೆ ಸೇರಿದ ವಾರದಲ್ಲಿ ಆ ಬೀದಿಯೊಂದರಿಂದಲೇ ನಲವತ್ತು ಜನರ ಮೇಲೆ ದೂರು ಬಂತು. ಶಿವನಂಜಪ್ಪ ಮೇಷ್ಟ್ರು ಸಂಜೆ ಪಾಠ ಶುರುಮಾಡಿದರು. ಬಾಯಿಯ ಮುಂದೆ ಕೋಳಿಪುಕ್ಕ ಹಿಡಿದು ‘ಹ’ ಅನ್ನಬೇಕು, ಪುಕ್ಕ ಅಲುಗಿದರೆ ಪಾಸು. ಕಲಿತವರು ಕಲಿತದ್ದನ್ನು ಎಲ್ಲೆಂದರಲ್ಲಿ ಬಳಸತೊಡಗಿದರು. ಅಂಗಡಿಗೆ ಹೋಗಿ ಒಂದು ಸೇರು ಹಕ್ಕಿ ಕೊಡಿ ಎಂದು ಕೇಳುತ್ತಿದ್ದರು. ಸಲೋಮಿ ಮಾತ್ರ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ‘ನಂಗೆ ಪುಕ್ಕ ಅಲುಗಲ್ಲ ದಾಕ್ಷಿಯಕ್ಕ. ಆಟದ ಬಿರುಸಲ್ಲಿ ಏನಾರ ಬಂದುಬಿಟ್ರೆ ಒಂದು ವರ್ಸ ಮನೇಲಿರಬೇಕು. ಸುಮ್ಕಿರೋದೇ ವಾಸಿ’ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು.

ಅವಳ ಬದಲು ಉಳಿದವರು ಕೂಗಲು ನಾವು ಬೇರೆ ಮಾತುಗಳನ್ನು ಹುಡುಕಿದೆವು. ‘ಹಾರು’ ಎಂದರೆ ನಾನು ಮುಂದಕ್ಕೆ ಹಾರಿ ನೆಟ್ಟಿಗೆ ಬೀಳುತ್ತಿದ್ದೆ. ‘ನೆಗಿ’ ಎಂದರೆ ನಗು ಬರುತ್ತಿತ್ತು. ‘ಎದ್ದು ನಿಲ್ಲು’ ಎನ್ನುವಷ್ಟರಲ್ಲಿ ಚೆಂಡು ಕೆಳಗೆ ಬಿದ್ದು ಉರುಳಿರುತ್ತಿತ್ತು. ಒಂದು ವಾರ ಒಬ್ಬಳು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಕೇಳಿದ ಊರವರು ಪಾಯಿಂಟ್ ಬಂತೆಂದು ತಾವೂ ತಟ್ಟುತ್ತಿದ್ದರು. ಎಂಟು ತಿಂಗಳಲ್ಲಿ ನಾನು ಸರಿಯಾಗಿ ಹೊಡೆದ ಚೆಂಡುಗಳನ್ನು ಎರಡು ಕೈಗಳ ಬೆರಳಲ್ಲಿ ಎಣಿಸಬಹುದಿತ್ತು.

ಇದೇ ಹೊತ್ತಿಗೆ ಆಯ್ಕೆಯ ಪತ್ರ ಬಂತು. ರಾಜ್ಯದ ಶಿಬಿರಕ್ಕೆ ಆಟಗಾರ್ತಿಯರನ್ನು ಆರಿಸಲು ರಾಜಧಾನಿಯಿಂದ ಒಬ್ಬ ಮೇಡಂ ನಮ್ಮೂರಿಗೇ ಬರುತ್ತಾರೆ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಹೊಡೆಯುವ ಒಬ್ಬೊಬ್ಬರಿಗೂ ಹನ್ನೆರಡು ಚೆಂಡು. ಇಪ್ಪತ್ಮೂರು ತುಂಬಿದವರನ್ನು ಶಿಬಿರಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೆ ಮುಂದಿನ ತಿಂಗಳು ಇಪ್ಪತ್ಮೂರು ತುಂಬುವುದಿತ್ತು. ಈ ಭಾನುವಾರ ಆಗದಿದ್ದರೆ ಮುಂದೆ ಇಲ್ಲ. ನಾನೂ ಹೆಂಚು ಜೋಡಿಸುತ್ತಾ, ಸಂಜೆ ಊರಿನ ಅಂಕಣದಲ್ಲಿ ನೆಟ್ಟಿಗೆ ಬೀಳುತ್ತಾ ಇರಬೇಕು.

ಭಾನುವಾರ ಒಂಬತ್ತು ಗಂಟೆಗೆ ರೇವಕ್ಕನ ಮನೆಗೆ ಹೋದೆ. ಬಾಗಿಲು ಹಾಕಿರಲಿಲ್ಲ. ನಡುಮನೆಯಲ್ಲಿ ಏಳುಗಳ ರಾಶಿ ಹಾಗೇ ಇತ್ತು, ದಾಟಿ ಹೋಗಲು ಗೋಡೆಯ ಪಕ್ಕ ಒಂದು ಪಾದದಷ್ಟು ದಾರಿ. ತಗಡಿನವು, ಹಿತ್ತಾಳೆಯವು, ಕ್ಯಾಲೆಂಡರಿನಿಂದ ಹರಿದವು. ಶಾಲೆಯ ಗಡಿಯಾರದ್ದರ ಮೇಲೆ ಒಂದು ಲೋಟ ಇತ್ತು. ರೇವಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

‘ಯಾರು? ಬಸುರಿಯಾದ್ರೆ ಅಲ್ಲೇ ಕೂತ್ಕೋಮ್ಮ, ಮಗು ಆದ್ರೆ ಒಳಗೆ ಕಳಿಸು’ ಎಂದಳು.

‘ನಾನು, ದಾಕ್ಷಿ.’

‘ಎರಡೂ ಅಲ್ವಲ್ಲ.’

‘ಇವತ್ತು ಆಯ್ಕೆ ಕಣಕ್ಕ. ಮೈದಾನಕ್ಕೆ ಬಾ ಅಂತ ಕರಿಯಕ್ಕೆ ಬಂದೆ.’

‘ಬಂದು? ಅಂಕಣಕ್ಕೆ ಕಾಲಿಡಂಗಿಲ್ಲ. ಆ ಮೇಷ್ಟ್ರು ಹೊಸ ಕುರ್ಚಿ ಮಾಡಿಸಿದಾರಂತೆ, ಬೆನ್ನಿಗೆ ಹೂವಿನ ಕೆತ್ತನೆ ಬೇರೆ. ಅದರ ಮೇಲೆ ದೇವರಂಗೆ ಕೂತ್ಕೋಬೇಕು.’

‘ಕೂತ್ಕೊಂಡೇ ಎಣಿಸು. ಊರವರು ಚೆಂಡು ಎಣಿಸ್ತಾರಲ್ಲ, ನಿನ್ನದು ಬಂದಾಗ ನೀನು ಹೇಳು. ಹನ್ನೆರಡರಲ್ಲಿ ಒಂದಾದ್ರೂ ನಾನು ಹೊಡೀತೀನಿ.’

ಅವಳು ನಕ್ಕಿದ್ದು ಬೆನ್ನಿನಿಂದ ಗೊತ್ತಾಯಿತು. ‘ಒಂದು ಚೆಂಡಿಗೆ ಶಿಬಿರಕ್ಕೆ ತಗೋತಾರೇನೇ? ಹೋಗು, ಹೊತ್ತಾಯ್ತು.’

ನಾನು ಹೋಗಲಿಲ್ಲ. ಮಂಚದ ಕಾಲಿನ ಹತ್ತಿರ ನಿಂತೇ ಇದ್ದೆ. ಅವಳು ಗೋಡೆಗೆ ಹೇಳುವ ಹಾಗೆ ಮೆಲ್ಲಗೆ ಮಾತಾಡಿದಳು. ‘ಬೀದಿ ಸುತ್ತೋದು ಯಾಕೆ ಬಿಟ್ಟೆ ಅಂತ ಯಾರೂ ಕೇಳ್ಲಿಲ್ಲ. ಒಂದಿನ ಬೆಳಿಗ್ಗೆ ಎಚ್ಚರ ಆಯ್ತು, ಆದ್ರೆ ಮೈ ಬರಲಿಲ್ಲ. ಕಾಯಿಲೆ ಏನೂ ಇಲ್ಲ. ಸುಮ್ನೆ ಬರಲಿಲ್ಲ. ಇಡೀ ಊರಿಗೆ ನಾನು ಅನ್ನಬೇಕು. ನನಗೆ ಅನ್ನೋರು ಯಾರು ಹೇಳು? ನಮ್ಮವ್ವ ಇದ್ದಾಗ ಅಂತಿದ್ಲು. ಆಮೇಲೆ ಕಾರ್ಖಾನೆಯ ಹೆಂಗಸರು ದಾರೀಲಿ ಕೂಗ್ತಿದ್ರು, ಏ ರೇವೂ, ಅಂತ. ಈಗ ಬಾಗಿಲ ಹತ್ರ ಬಂದು ರೇವಮ್ಮನವ್ರೇ ಎಚ್ಚರಾಗಿದೀರಾ ಅಂತ ಕೇಳ್ತಾರೆ. ಆಗಿದೀನಪ್ಪ ಅಂತೀನಿ. ನಮಸ್ಕಾರ ಮಾಡಿ ಹೋಗ್ತಾರೆ.’

ನನಗೆ ಭಯವಾಯಿತು. ಅವಳಿಗಾಗಿಯೋ ನನಗಾಗಿಯೋ ಗೊತ್ತಾಗಲಿಲ್ಲ. ಆ ಮಾತು ನನ್ನ ಬಾಯಿಂದ ಬಂದು ಅವಳು ಮೇಷ್ಟ್ರಿಗೆ ತಿಳಿಸಿದರೆ ಹನ್ನೊಂದು ಗಂಟೆಯ ಆಯ್ಕೆ ಅಲ್ಲಿಗೇ ಮುಗಿಯಿತು. ಅವಳು ತಿಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು ಎಂದರೆ ಸುಳ್ಳಾಗುತ್ತದೆ. ಮರ್ಯಾದೆ ಜನರನ್ನು ಏನು ಮಾಡುತ್ತದೆಯೋ ಯಾರು ಕಂಡವರು. ಆದರೂ ಅಂದೆ.

‘ರೇವಕ್ಕ, ಏಳು.’

ನನ್ನ ಸ್ವರ ನನಗೇ ಗುರುತಾಗಲಿಲ್ಲ, ಅಷ್ಟು ದಿನ ನಾಲಿಗೆ ಆ ಜಾಗಕ್ಕೆ ಹೋಗಿರಲಿಲ್ಲ. ಅವಳ ಬೆನ್ನು ಗಟ್ಟಿಯಾಯಿತು.

‘ಏನಂದೆ?’

‘ಏಳು ಅಂದೆ. ಎಷ್ಟೊತ್ತು ಮಲಗ್ತೀಯ? ಒಂಬತ್ತೂವರೆ ಆಯ್ತು. ಏಳು.’

ಅವಳು ಮಗ್ಗುಲು ಬದಲಿಸಿ ನನ್ನನ್ನು ನೋಡಿದಳು. ಕೂದಲು ಒಂದು ಕಡೆ ಚಪ್ಪಟೆಯಾಗಿತ್ತು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೈಯೂರಿ ಎದ್ದು ಕೂತಳು, ಕಾಲು ಕೆಳಗಿಟ್ಟಳು, ಪಾದದ ಕೆಳಗೆ ಸಿಕ್ಕ ತಗಡಿನ ಏಳೊಂದನ್ನು ಒದ್ದು ಪಕ್ಕಕ್ಕೆ ಸರಿಸಿದಳು. ‘ಮೂದೇವಿ, ಒಂದು ಲೋಟ ಕಾಫಿ ಇಡಕ್ಕೂ ಬರಲ್ವಾ ನಿಂಗೆ? ಎಬ್ಬಿಸೋರು ಬರೀ ಕೈಲಿ ಬರ್ತಾರಾ?’ ಎಂದಳು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ನಾನು ಕಾಫಿಯಿಟ್ಟು ಮೈದಾನಕ್ಕೆ ಓಡಿದೆ.

ನಮ್ಮ ಅಂಕಣ ಕಾರ್ಖಾನೆಯ ಹಿಂದಿದೆ. ಒಡೆದ ಹೆಂಚಿನ ಪುಡಿ ಹಾಸಿದ ಕೆಂಪು ನೆಲ, ಸುತ್ತ ಪೇರಿಸಿದ ಹಾಳು ಹೆಂಚುಗಳೇ ಜನ ಕೂರುವ ಮೆಟ್ಟಿಲು. ಅವತ್ತು ಇಡೀ ಊರು ಅಲ್ಲಿತ್ತು. ಮುಂದಿನ ಸಾಲಿನಲ್ಲಿ ಮೂರು ಮರ್ಯಾದೆಯ ಕುರ್ಚಿ: ಒಂದರಲ್ಲಿ ಮೋನಪ್ಪನವರು ಆಗಲೇ ತೂಕಡಿಸುತ್ತಿದ್ದರು, ಇನ್ನೊಂದರಲ್ಲಿ ಕರೀಂ ಸಾಬರು ಮಫ್ಲರ್ ಬಿಚ್ಚಿ ಗಾಳಿ ಹಾಕಿಕೊಳ್ಳುತ್ತಿದ್ದರು. ಕೊನೆಯದು ಖಾಲಿ. ಅದಕ್ಕೆ ನಿಜವಾಗಿಯೂ ಹೂವಿನ ಕೆತ್ತನೆ ಇತ್ತು.

ಮೇಡಂ ತೆಳ್ಳಗಿನ ಹೆಂಗಸು. ಕತ್ತಿನಲ್ಲಿ ಸೀಟಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ‘ಎತ್ತಿಕೊಡೋರು ಯಾರು?’ ಎಂದರು. ಸಲೋಮಿ ಕೈಯೆತ್ತಿದಳು. ‘ಬಾಯಿಲ್ವಾ?’ ಎಂದರು. ಸಲೋಮಿ ಇದೆ ಎನ್ನುವಂತೆ ತಲೆಯಾಡಿಸಿದಳು. ಜನ ನಕ್ಕರು.

ನಮ್ಮೂರವರು ಚೆಂಡನ್ನು ಎಲ್ಲರೂ ಸೇರಿ ಎಣಿಸುತ್ತಾರೆ, ಲಿಫ್ಟರಿನ ಕೈ ಬಿಟ್ಟ ಕ್ಷಣಕ್ಕೆ. ಮನೆ ಸೇರಿದ ಅಂಕಿ ಬಂದಾಗ ಊರು ಸುಮ್ಮನಾಗುತ್ತದೆ, ಆ ಅಂಕಿಯವರು ಒಬ್ಬರೇ ಹೇಳುತ್ತಾರೆ. ‘ಒಂದು’ ಎಂದರು. ನಾನು ಬೇಗ ಎದ್ದೆ, ಚೆಂಡು ನನ್ನ ಮೊಣಕೈಗೆ ಬಡಿಯಿತು. ‘ಎರಡು’ ನೆಟ್ಟಿನೊಳಗೆ ಹೋಯಿತು. ‘ಮೂರು’ ಗೆರೆಯಾಚೆ. ನಾಲ್ಕಕ್ಕೆ ನಾನು ಎದ್ದದ್ದೇ ತಡವಾಗಿ ಗಾಳಿಯನ್ನು ಹೊಡೆದೆ. ಮೇಡಂ ಹಾಳೆಯ ಮೇಲೆ ಸಣ್ಣ ಸಣ್ಣ ಗೆರೆ ಎಳೆಯುತ್ತಿದ್ದರು. ‘ಐದು’ ಎನ್ನುವಾಗ ಊರಿನ ದನಿಯೇ ಇಳಿದಿತ್ತು. ಮೆಟ್ಟಿಲ ಮೇಲಿಂದ ನಮ್ಮ ಅಮ್ಮ, ‘ಕಣ್ಣು ಬಿಟ್ಕೊಂಡು ಹೊಡಿಯೇ’ ಎಂದು ಕೂಗಿದರು. ಆ ಚೆಂಡೂ ಹೋಯಿತು. ಆಮೇಲಿನದಕ್ಕೆ ಊರು ಸುಮ್ಮನಾಯಿತು. ಕರೀಂ ಸಾಬರು ಮೊಣಕೈಯಿಂದ ತಿವಿದ ಮೇಲೆ ಮೋನಪ್ಪನವರು ಬೆಚ್ಚಿ ‘ಆರು!’ ಎಂದರು. ಅಷ್ಟರಲ್ಲಿ ಚೆಂಡು ನನ್ನ ತಲೆಗೆ ಬಿದ್ದು ಆಗಿತ್ತು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ‘ಸಾಕೇನಮ್ಮ?’

‘ಇನ್ನೂ ಅರ್ಧ ಇದೆ ಮೇಡಂ’ ಎಂದೆ. ಬಾಯೆಲ್ಲ ಹೆಂಚಿನ ಧೂಳು.

ಅವರು ಕೈ ಬೀಸಿದರು. ಸಲೋಮಿ ನನ್ನ ಮುಖ ನೋಡಿ ಚೆಂಡು ತೆಗೆದುಕೊಂಡಳು. ಊರು ಮತ್ತೆ ಸುಮ್ಮನಾಯಿತು. ಎಲ್ಲರೂ ಖಾಲಿ ಕುರ್ಚಿಯ ಕಡೆ ನೋಡುತ್ತಿದ್ದರು. ಎಂಟು ತಿಂಗಳಿಂದ ನಮ್ಮ ಎಲ್ಲ ಆಟಗಳಲ್ಲೂ ಈ ಜಾಗದಲ್ಲಿ ಒಂದು ತೂತು ಇರುತ್ತಿತ್ತು, ಅದನ್ನು ದಾಟಿ ಎಂಟಕ್ಕೆ ಹೋಗುವುದು ರೂಢಿಯಾಗಿತ್ತು. ನಾನು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತೆ. ಸಲೋಮಿಯ ಬೆರಳುಗಳು ಮೇಲೆ ಹೋದವು.

‘ಏ…’ ಎಂದು ಗೇಟಿನ ಕಡೆಯಿಂದ ಬಂತು. ನನ್ನ ಕಾಲು ಆಗಲೇ ಓಡುತ್ತಿತ್ತು. ‘…ಳು!’

ಮೇಲೆ ತುಂಬಾ ಹೊತ್ತು ಇದ್ದೆ ಅನ್ನಿಸಿತು. ಚೆಂಡು ಎಲ್ಲಿರಬೇಕೋ ಅಲ್ಲಿತ್ತು. ಅಂಗೈ ಉರಿಯಿತು, ಆಚೆ ಬದಿಯಲ್ಲಿ ಕೆಂಪು ಧೂಳು ಆಳೆತ್ತರ ಹಾರಿತು. ಕೆಳಗೆ ಬಂದು ಕಣ್ಣೆತ್ತಿದರೆ ಮೆಟ್ಟಿಲ ಮೇಲೆ ಒಬ್ಬರೂ ಕೂತಿರಲಿಲ್ಲ. ಇಡೀ ಊರು ಎದ್ದು ನಿಂತಿತ್ತು. ನಮ್ಮ ಅಮ್ಮ, ಕಾರ್ಖಾನೆಯ ಮೇಸ್ತ್ರಿ, ತೊಡೆಯ ಮೇಲಿದ್ದ ಕಡಲೆಕಾಯಿ ಚೆಲ್ಲಿಕೊಂಡವರು, ಊರುಗೋಲು ಎಲ್ಲಿಟ್ಟೆ ಎಂದು ಹುಡುಕುತ್ತಿದ್ದ ಮೋನಪ್ಪನವರು, ಎಲ್ಲರೂ. ತಮಗೆ ಯಾರೋ ಹೇಳಿದರು ಎನ್ನುವ ಹಾಗೆ ಗೇಟಿನ ಕಡೆ ನೋಡುತ್ತಿದ್ದರು. ಅಲ್ಲಿ ರೇವಕ್ಕ ನಿಂತಿದ್ದಳು. ಶಾಲಿಲ್ಲ. ಕಾರ್ಖಾನೆಗೆ ಉಡುವ ಹಳೆಯ ಸೀರೆ.

‘ಏನಾಯ್ತು? ಎಲ್ಲ ಯಾಕೆ ಎದ್ದರು?’ ಎಂದು ಮೇಡಂ ಕೇಳಿದರು.

‘ಅವರು ಅಂದ್ರಲ್ಲ ಮೇಡಂ’ ಎಂದರು ಕರೀಂ ಸಾಬರು.

ಮೇಡಂಗೆ ಅರ್ಥವಾಗಲಿಲ್ಲ. ಮುಂದಿನ ಚೆಂಡು ಎಂದು ಸೀಟಿ ಊದಿದರು. ನಿಂತ ಊರು ಎಣಿಸುವುದನ್ನು ಮರೆತಿತ್ತು. ಆ ಮೌನದಲ್ಲಿ ಸಲೋಮಿ ಚೆಂಡು ಎತ್ತಿದಳು. ಮತ್ತು ಅವಳ ಬಾಯಿಂದ, ಬೆರಳುಗಳ ಜೊತೆಗೇ, ಸಣ್ಣದಾಗಿ ಬಂತು: ‘ಏಳು.’

ನಾನು ಎದ್ದೆ. ಹೊಡೆದೆ. ಚೆಂಡು ಮೂಲೆಯಲ್ಲಿ ಗೆರೆಯ ಮೇಲೆ ಬಿತ್ತು. ಯಾರೂ ಅದನ್ನು ನೋಡಲಿಲ್ಲ.

ಶಿವನಂಜಪ್ಪ ಮೇಷ್ಟ್ರು ಅಂಕಣದ ಅಂಚಿಗೆ ಬಂದರು. ಅವರ ಮುಖ ನೆಲದಷ್ಟೇ ಕೆಂಪಾಗಿತ್ತು. ‘ಹುಡುಗಿ, ಏನಂದೆ ಈಗ?’

ಸಲೋಮಿ ಎದೆಯ ಉಸಿರನ್ನೆಲ್ಲ ಹಕಾರಕ್ಕೆ ಹಾಕಿದಳು. ‘ಹೇಳು ಅಂದೆ ಸಾ. ಹ… ಹೇಳು ಅಂತ. ದಾಕ್ಷಿಯಕ್ಕಂಗೆ.’

‘ಏನು ಹೇಳು ಅಂತ?’

‘ಹೇನೋ ಒಂದು ಸಾ.’

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಜೇಬಿನಿಂದ ಕೋಳಿಪುಕ್ಕ ತೆಗೆದರು. ಸಲೋಮಿ ಒಂದು ವರ್ಷ ಮನೆಯಲ್ಲಿದ್ದರೆ ನನಗೆ ಉಳಿದ ನಾಲ್ಕು ಚೆಂಡು ಎತ್ತುವವರೂ ಇಲ್ಲ.

ಅಷ್ಟರಲ್ಲಿ ರೇವಕ್ಕ ಗೇಟಿನಿಂದ ನಡೆದು ಬಂದಳು. ಯಾರೋ ಹೂವಿನ ಕೆತ್ತನೆಯ ಕುರ್ಚಿಯನ್ನು ಎತ್ತಿಕೊಂಡು ಅವಳ ಹಿಂದೆ ಓಡಿದರು. ಅವಳು ಅದನ್ನು ನೋಡಲೂ ಇಲ್ಲ. ಗೆರೆಯವರೆಗೆ ಬಂದು ನಿಂತಳು, ದಾಟಲಿಲ್ಲ.

‘ಸುಳ್ಳು ಯಾಕೆ ಹೇಳ್ತೀಯೇ ಸಲೋಮಿ? ಏಳು ಅಂದೆ ತಾನೆ?’

ಸಲೋಮಿ ಅಳುತ್ತಾ ಊಂ ಎಂದಳು.

‘ಹಂಗಂದ್ರೆ ಜೋರಾಗಿ ಅನ್ನು. ಬಾಯಲ್ಲಿ ಕಡುಬು ಇಟ್ಕೊಂಡಂಗೆ ಅಂದ್ರೆ ಅವಳಿಗೇನು ಕೇಳ್ಸತ್ತೆ? ಅವಳು ಮೊದ್ಲೇ ಕಿವುಡಿ.’

‘ರೇವಮ್ಮನವರೇ, ಅದು ನಿಮ್ಮ ಅಂಕಿ’ ಎಂದರು ಮೇಷ್ಟ್ರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ‘ಊರು ನಿಮಗೆ ಮಾಡಿದ ಮರ್ಯಾದೆ.’

‘ಅಂಕಿ ನನ್ನದೇ ಮೇಷ್ಟ್ರೆ, ಯಾರಿಗೂ ಕೊಡಲ್ಲ. ಅಂಗಿ ಮೇಲಿಂದ ತೆಗೆದ್ರಿ, ಅದು ನಂಗೆ ಖುಷೀನೇ. ಆ ಅಂಗಿ ಇನ್ನೊಬ್ಬರು ಹಾಕ್ಕೊಂಡ್ರೆ ನಂಗೆ ಹೊಟ್ಟೆ ಉರಿಯತ್ತೆ. ಆದ್ರೆ ಬಾಯಿಂದ ತೆಗೀಬೇಡಿ. ಮೂರು ಮೂಟೆ ತಂದು ಸುರಿದ್ರಿ, ಅದರಲ್ಲಿ ಒಂದೂ ನನ್ನನ್ನ ಎಬ್ಬಿಸಲಿಲ್ಲ.’ ಅವಳು ನನ್ನ ಕಡೆ ನೋಡಿದಳೋ ಇಲ್ಲವೋ. ‘ಇವತ್ತು ಬೆಳಿಗ್ಗೆ ಯಾರೋ ಬಂದು ಅಂದ್ರು, ಎದ್ದೆ. ಯಾರು ಅಂತ ಕೇಳ್ಬೇಡಿ, ಹೇಳಲ್ಲ.’

ಮೇಷ್ಟ್ರು ಪುಕ್ಕವನ್ನು ಬೆರಳ ನಡುವೆ ತಿರುಗಿಸುತ್ತಾ ನಿಂತರು. ನಿಂತ ಊರಿನ ಕಡೆ ನೋಡಿದರು. ಬಹುಶಃ ಎಲ್ಲರೂ ಎದ್ದು ನಿಂತಿರುವಾಗ ನಿಯಮ ಹೇಳುವುದು ಕಷ್ಟ. ‘ಸಂಘದಲ್ಲಿ ಚರ್ಚೆ ಮಾಡೋಣ’ ಎಂದು ಮೆಲ್ಲಗೆ ಹೇಳಿ ಗೆರೆಯಿಂದ ಹಿಂದೆ ಸರಿದರು.

‘ನಿಮ್ಮ ಚರ್ಚೆ ಆಮೇಲೆ ಇಟ್ಕೊಳ್ಳಿ. ಇನ್ನೂ ನಾಲ್ಕು ಚೆಂಡು ಇದೆ, ನನ್ನ ಬಸ್ಸು ಒಂದು ಗಂಟೆಗೆ’ ಎಂದರು ಮೇಡಂ.

‘ಅದು ಹೊರಡೋದು ನಾನು ಹೋದ ಮೇಲೆಯೇ, ಆರಾಮಾಗಿರಿ’ ಎಂದರು ಕರೀಂ ಸಾಬರು.

ಸಲೋಮಿ ಮೂಗು ಒರೆಸಿಕೊಂಡಳು. ಒಂಬತ್ತಕ್ಕೆ ಅವಳು ಕೂಗಿದ್ದು ಚೂರು ಒಡೆದ ದನಿ, ‘ಏ’ ಉದ್ದವಾಯಿತು, ‘ಳು’ ತಡವಾಯಿತು. ನಾನು ಮೇಲೆ ಕಾದು ಹೊಡೆದೆ. ಮುಂದಿನ ಚೆಂಡಿಗೆ ಕರೀಂ ಸಾಬರು ‘ಹತ್ತು’ ಎಂದರು, ಸಲೋಮಿ ಏಳು ಎಂದಳು, ಎರಡೂ ಒಟ್ಟಿಗೆ ಬಂದು ನನಗೆ ಗಾಳಿಯಲ್ಲೇ ನಗು ಬಂತು. ಆದರೂ ಚೆಂಡು ಹೋಗಿ ಸರಿಯಾದ ಜಾಗದಲ್ಲಿ ಬಿತ್ತು. ಹನ್ನೊಂದಕ್ಕೆ ಅವಳ ದನಿ ಗಟ್ಟಿಯಾಗಿತ್ತು. ಹನ್ನೆರಡಕ್ಕೆ ಅದು ರೇವಕ್ಕನ ಏಳು ಆಗಿರಲಿಲ್ಲ. ಮೊಟಕು, ಚೂಪು, ಸುಣ್ಣದ ಬೀದಿಯದು. ಆ ದನಿಗೆ ಏಳುವಾಗ ನಾನು ಮೊದಲ ಸಲ ಕಣ್ಣು ತೆರೆದು ಚೆಂಡನ್ನು ನೋಡಿದೆ. ಅದರ ಹೊಲಿಗೆಯ ದಾರ ಕೂಡ ಕಾಣುತ್ತಿತ್ತು.

ಮೇಡಂ ಹಾಳೆಯನ್ನು ಬಹಳ ಹೊತ್ತು ನೋಡಿದರು. ‘ಹನ್ನೆರಡರಲ್ಲಿ ಅರ್ಧ ಸೊನ್ನೆ, ಅರ್ಧ ಪೂರ್ತಿ. ಇಂಥದ್ದು ನಾನು ಎಲ್ಲೂ ನೋಡಿಲ್ಲ. ಯಾವ ಅರ್ಧ ನಂಬಲಿ?’

‘ಕೊನೇದನ್ನ ನಂಬಿ’ ಎಂದಳು ರೇವಕ್ಕ ಗೆರೆಯಾಚೆಯಿಂದ. ‘ಮೊದಲನೇ ಅರ್ಧದಲ್ಲಿ ಊರೆಲ್ಲ ಮಲಗಿತ್ತು.’

ಮೇಡಂ ನನ್ನ ಹೆಸರು ಬರೆದುಕೊಂಡರು. ದಾಕ್ಷಾಯಿಣಿ ಎಂದು ಪೂರ್ತಿ ಹೇಳಿದೆ. ಆಮೇಲೆ ಸಲೋಮಿಯ ಕಡೆ ತಿರುಗಿ, ‘ಇವಳನ್ನ ಒಬ್ಬಳನ್ನೇ ಕರ್ಕೊಂಡು ಹೋದ್ರೆ ಅಲ್ಲಿ ಎಬ್ಬಿಸೋರು ಬೇಕಲ್ಲ. ನೀನೂ ಬಾ. ಶಿಬಿರದ ಅಂಗಿಗೆ ಯಾವ ನಂಬರ್ ಬರೀಲಿ?’ ಎಂದರು.

ಸಲೋಮಿ ರೇವಕ್ಕನನ್ನು ನೋಡಿದಳು. ರೇವಕ್ಕ ತಲೆ ಬೇರೆ ಕಡೆ ತಿರುಗಿಸಿ ಕುರ್ಚಿ ಹಿಡಿದವನಿಗೆ, ‘ಅದನ್ನ ಕೆಳಗಿಡಪ್ಪ, ಕೈ ನೋಯತ್ತೆ’ ಎನ್ನುತ್ತಿದ್ದಳು.

‘ಎಂಟು, ಮೇಡಂ’ ಎಂದಳು ಸಲೋಮಿ.

ಶಿವನಂಜಪ್ಪ ಮೇಷ್ಟ್ರು ಕಣ್ಣು ಮುಚ್ಚಿ ಆ ಮಾತನ್ನು ಎರಡು ಸಲ ನಾಲಿಗೆಯ ಮೇಲೆ ಹೊರಳಿಸಿ ನೋಡಿದರು. ಆಮೇಲೆ ಪುಕ್ಕವನ್ನು ಜೇಬಿಗೆ ಹಾಕಿಕೊಂಡು, ‘ಸದ್ಯ, ಅದಕ್ಕೆ ಇನ್ನೊಂದು ಅರ್ಥ ಇಲ್ಲ’ ಎಂದರು.